ಲೋಹಕ್ಕೆ ಒಪ್ಪಿಸಿದ ಜಯಗಳು

1692ನೆಯ ಇಸವಿಯ ಮೇ ತಿಂಗಳ ಕೊನೆಯ ವಾರದಲ್ಲಿ, ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಯು ಸಾಂಬ್ರ್ ಮತ್ತು ಮ್ಯೂಸ್ ನದಿಗಳ ಸಂಗಮದಲ್ಲಿ ಹೆಬ್ಬಂಡೆಯ ಮೇಲೆ ಕಟ್ಟಿರುವ ನಾಮೂರ್ ದುರ್ಗವನ್ನು ತಾನೇ ಬಂದು ಮುತ್ತಿದನು. ಮುತ್ತಿಗೆಯ ಕಾರ್ಯವನ್ನು ನಡೆಸಿದವನು ಆ ಯುಗದ ದುರ್ಗಶಿಲ್ಪಿಗಳಲ್ಲಿ ಅಗ್ರಗಣ್ಯನಾದ ವೋಬಾನ್. ಒಳಗಿದ್ದು ಕೋಟೆಯನ್ನು ಕಾಯುತ್ತಿದ್ದವನು ಅವನಿಗೆ ಸರಿಸಾಟಿಯೆನಿಸಿದ್ದ ಡಚ್ಚರ ಕೂಹೋರ್ನ್. ನಡೆದುದನ್ನೆಲ್ಲ ಕಂಡು ಬರೆದಿಡುವುದಕ್ಕಾಗಿ ದೊರೆಯ ಪರಿವಾರದಲ್ಲಿ ನಾಟಕಕಾರ ರಾಸೀನನೂ ಆಸ್ಥಾನದ ಚರಿತ್ರಕಾರನಾಗಿ ಇದ್ದನು. ಮುತ್ತಿಗೆಯನ್ನು ಬಿಡಿಸಬೇಕೆಂದು ಇಂಗ್ಲೆಂಡಿನ ದೊರೆ ಮೂರನೆಯ ವಿಲಿಯಮನು ದೊಡ್ಡ ಸೈನ್ಯದೊಡನೆ ಸಮೀಪಕ್ಕೆ ಬಂದನಾದರೂ, ಎಡೆಬಿಡದೆ ಸುರಿದ ಮಳೆಯಿಂದ ನಡುವಣ ಮೆಹೇನ್ ಹೊಳೆಯು ಉಕ್ಕಿ ಹರಿದುದರಿಂದ ದಾಟಲಾರದೆ ನೋಡುತ್ತ ನಿಲ್ಲಬೇಕಾಯಿತು. ಜೂನ್ ತಿಂಗಳು ಮುಗಿಯುವ ಹೊತ್ತಿಗೆ ದುರ್ಗವು ಲೂಯಿಯ ವಶವಾಯಿತು. ಈ ಜಯಕ್ಕಾಗಿ ಪ್ಯಾರಿಸಿನಲ್ಲಿ ಅಚ್ಚಾದ ಪದಕದ ಲ್ಯಾಟಿನ್ ಲೇಖವು ನಾಮೂರ್ ಕೈವಶವಾಯಿತೆಂದಷ್ಟೇ ಹೇಳಿ ಸುಮ್ಮನಾಗದೆ, ಜರ್ಮನರು, ಸ್ಪೇನಿನವರು, ಆಂಗ್ಲರು, ಡಚ್ಚರು ಕೂಡಿದ ಒಂದು ಲಕ್ಷ ಯೋಧರ ಕಣ್ಣೆದುರಿಗೇ ಕೈವಶವಾಯಿತೆಂದು ಸಾರಿತು. ಕೋಟೆಯು ಸಿಕ್ಕಿದ ಸಂತೋಷಕ್ಕಿಂತಲೂ, ನೋಡುತ್ತ ನಿಂತವರ ಅಪಮಾನವನ್ನು ಲೋಹದಲ್ಲಿ ಕೊರೆದಿಡುವ ಸಂತೋಷವೇ ಇಲ್ಲಿ ಮಿಗಿಲಾದುದೆಂದು ತೋರುತ್ತದೆ.

ಇಂತಹ ಪದಕಗಳು ಎದೆಯ ಮೇಲೆ ಧರಿಸುವುದಕ್ಕಾಗಿ ಮಾಡಿದುವಲ್ಲ. ಅಂಗೈಯಲ್ಲಿಟ್ಟುಕೊಂಡು, ಒಂದು ಮುಖದಲ್ಲಿ ದೊರೆಯ ಮುಖಮುದ್ರೆಯನ್ನೂ ಮತ್ತೊಂದು ಮುಖದಲ್ಲಿ ರೂಪಕಚಿತ್ರವನ್ನೂ ಅದರ ಸುತ್ತಣ ಲೇಖವನ್ನೂ ನಿಧಾನವಾಗಿ ಓದುವುದಕ್ಕಾಗಿ ಮಾಡಿದುವು. ಲೂಯಿಯ ಕಾಲಕ್ಕೆ ಈ ಕಾರ್ಯವು ಒಂದು ರಾಜ್ಯವ್ಯವಹಾರವೇ ಆಗಿಹೋಗಿದ್ದಿತು. ಮಂತ್ರಿ ಕೋಲ್ಬೆರ್ 1663ರಲ್ಲಿ ಕೆಲವೇ ಮಂದಿ ವಿದ್ವಾಂಸರನ್ನು ಕೂಡಿಸಿ, ದೊರೆಯ ಕಟ್ಟಡಗಳಿಗೂ ಪದಕಗಳಿಗೂ ತಕ್ಕ ಲೇಖಗಳನ್ನು ರಚಿಸುವ ಒಂದು ಚಿಕ್ಕ ಅಕಾಡೆಮಿಯನ್ನು ಸ್ಥಾಪಿಸಿದನು; ಮುಂದೆ ರಾಸೀನನೂ ಕವಿ ಬ್ವಾಲೋನೂ ಅದರ ಸದಸ್ಯರಾದರು. ಫ್ರೆಂಚ್ ಭಾಷೆಯ ಅತ್ಯುತ್ತಮ ಲೇಖನಿಗಳೆರಡು, ಎರಡು ಮೂರು ಲ್ಯಾಟಿನ್ ಪದಗಳಲ್ಲಿ ಒಂದು ಯುದ್ಧವನ್ನು ಹೇಗೆ ಅಡಕಮಾಡಬೇಕೆಂಬ ಚರ್ಚೆಯಲ್ಲಿ ಸಂವತ್ಸರಗಳನ್ನು ಕಳೆದವೆಂಬುದನ್ನು ನೆನೆದರೆ ಮರುಕವೂ ಗೌರವವೂ ಒಟ್ಟಿಗೇ ಉಂಟಾಗುತ್ತವೆ. ಅವರ ಶ್ರಮದ ಫಲವಾಗಿ 1702ರಲ್ಲಿ ರಾಜಮುದ್ರಣಾಲಯದಿಂದ ಒಂದು ಮಹಾಗ್ರಂಥವು ಹೊರಬಿದ್ದಿತು. ಲೂಯಿಯ ಆಳಿಕೆಯ ಮುಖ್ಯ ಘಟನೆಗಳನ್ನು ಸಾರುವ 286 ಪದಕಗಳು, ಒಂದೊಂದಕ್ಕೂ ಒಂದು ಪುಟ, ಪುಟದ ಮೇಲ್ಗಡೆ ಪದಕದ ಎರಡು ಮುಖಗಳ ಚಿತ್ರ, ಕೆಳಗಡೆ ಗದ್ಯವಿವರಣೆ. ರಾಜಮುದ್ರಣಾಲಯಕ್ಕಾಗಿ ಗ್ರಾಂಜಾನ್ ಎಂಬ ಕುಶಲಿಯಿಂದ ಕೆತ್ತಿಸಿದ ಹೊಸ ಅಕ್ಷರದ ಅಚ್ಚುಗಳನ್ನು ಮೊದಲು ಬಳಸಿದುದು ಈ ಗ್ರಂಥದಲ್ಲಿಯೇ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಗಾತ್ರದಲ್ಲಿ ಮಾಡಿದ್ದ ಹಳೆಯ ಪದಕಗಳನ್ನೆಲ್ಲ ಬದಿಗಿರಿಸಿ, ಒಟ್ಟು ಸರಣಿಯನ್ನು 41 ಮಿಲಿಮೀಟರಿನ ಒಂದೇ ಅಳತೆಗೆ ತಂದರು. ಅಚ್ಚುಗಳಲ್ಲಿ ಬಹುಭಾಗವನ್ನು ಕೆತ್ತಿದವನು ಜಾನ್ ಮೋಜೆ. ಸರಣಿಯನ್ನು ಆದಿಯಿಂದ ನೋಡುತ್ತ ಬಂದರೆ ಐದು ವರ್ಷದ ಬಾಲಕನೊಬ್ಬನು ಪದಕದಿಂದ ಪದಕಕ್ಕೆ ಯುವಕನಾಗಿ, ಪ್ರೌಢನಾಗಿ, ಕೆನ್ನೆ ಜೋತ ಮುದುಕನಾಗುವುದನ್ನು ಕಾಣಬಹುದು. ಸೋಲೊಂದು ಮಾತ್ರ ಎಲ್ಲಿಯೂ ಕಾಣಬರುವುದಿಲ್ಲ.

ಇಷ್ಟು ಶ್ರಮವನ್ನು ಕಾಗದಕ್ಕಲ್ಲದೆ ಲೋಹಕ್ಕೆ ಏಕೆ ವ್ಯಯಿಸಿದರೆಂಬ ಪ್ರಶ್ನೆಗೆ ಉತ್ತರವು ರೋಮಿನ ಮಣ್ಣಿನಲ್ಲಿದ್ದಿತು. ಅಲ್ಲಿ ಭೂಮಿಯನ್ನು ಅಗೆದಲ್ಲೆಲ್ಲ ಸೀಸರರ ನಾಣ್ಯಗಳು ದೊರೆಯುತ್ತಿದ್ದುವು. ಅವರ ಅರಮನೆಗಳು ಬಿದ್ದುಹೋಗಿ, ಅವರ ಚರಿತ್ರೆಯನ್ನು ಬರೆದ ಗ್ರಂಥಗಳಲ್ಲಿ ಅರ್ಧಕ್ಕರ್ಧ ನಷ್ಟವಾಗಿದ್ದರೂ, ಅಂಗೈಯಗಲದ ಕಂಚಿನ ಬಿಲ್ಲೆಗಳು ಅವರ ಮುಖವನ್ನೂ ಬಿರುದುಗಳನ್ನೂ ಜಯಗಳನ್ನೂ ಉಳಿಸಿಕೊಂಡು ಬಂದಿದ್ದುವು. ಇದನ್ನು ಕಂಡ ಇಟಲಿಯ ಪ್ರಭುಗಳು ತಮ್ಮ ಜಯಗಳನ್ನೂ ಹಾಗೆಯೇ ಲೋಹಕ್ಕೆ ಒಪ್ಪಿಸಬೇಕೆಂದು ಬಯಸಿದುದರಲ್ಲಿ ಆಶ್ಚರ್ಯವಿಲ್ಲ. 1390ರ ಜೂನ್ ತಿಂಗಳಲ್ಲಿ ಫ್ರಾಂಚೆಸ್ಕೋ ನೊವೆಲ್ಲೋ ದ ಕರಾರನು ಕಳೆದುಕೊಂಡಿದ್ದ ಪಾದುವಾ ನಗರವನ್ನು ಮರಳಿ ಪಡೆದಾಗ, ರೋಮನ್ ನಾಣ್ಯಗಳನ್ನೇ ಅನುಕರಿಸಿ, ತನ್ನ ಮತ್ತು ತನ್ನ ತಂದೆಯ ಮುಖಗಳುಳ್ಳ ಬಿಲ್ಲೆಗಳನ್ನು ಅಚ್ಚುಹಾಕಿಸಿದನು. ಯುರೋಪಿನ ವಿಜಯಪದಕಗಳ ವಂಶವೃಕ್ಷದಲ್ಲಿ ಮೊದಲ ಹೆಸರು ಇದೇ. ಆದರೆ ಪದಕವನ್ನು ಒಂದು ಸ್ವತಂತ್ರ ಕಲೆಯನ್ನಾಗಿ ಮಾಡಿದ ಕೀರ್ತಿಯು ಚಿತ್ರಕಾರ ಪಿಸಾನೆಲ್ಲೋವಿಗೆ ಸಲ್ಲುತ್ತದೆ. ಕಾನ್‌ಸ್ಟಾಂಟಿನೋಪಲಿನ ಚಕ್ರವರ್ತಿ ಎಂಟನೆಯ ಜಾನ್, ತುರುಕರ ವಿರುದ್ಧ ಸಹಾಯವನ್ನು ಬೇಡುತ್ತ ಫೆರಾರಕ್ಕೆ ಬಂದಿದ್ದ 1438ರ ಸುಮಾರಿನಲ್ಲಿ, ಅವನ ಎತ್ತರದ ಟೊಪ್ಪಿಗೆಯ ಮುಖಮುದ್ರೆಯನ್ನು ಪಿಸಾನೆಲ್ಲೋ ಮೇಣದಲ್ಲಿ ರೂಪಿಸಿ ಕಂಚಿನಲ್ಲಿ ಎರಕಹೊಯ್ದನು. ಮುಂದೆ ಮುನ್ನೂರು ವರ್ಷಗಳ ಕಾಲ ಗೆದ್ದವರ ಸೊತ್ತಾಗಲಿದ್ದ ಈ ಕಲೆಯು, ರಾಜ್ಯವನ್ನೇ ಕಳೆದುಕೊಳ್ಳುತ್ತಿದ್ದ ವಂಶವೊಂದರ ಅರಸನ ಮುಖದಿಂದ ಪ್ರಾರಂಭವಾದುದು ವಿಚಿತ್ರವೇ ಸರಿ.

ಎರಕದ ಪದಕವು ಮೃದುವಾದುದು, ಮೇಣದ ಮೇಲೆ ಆಡಿದ ಬೆರಳಿನ ಗುರುತು ಅದರಲ್ಲಿ ಉಳಿದಿರುತ್ತದೆ; ಆದರೆ ಒಂದೆರಡು ಹತ್ತುಗಳಿಗಿಂತ ಹೆಚ್ಚಾಗಿ ಮಾಡುವುದು ಶ್ರಮಸಾಧ್ಯ. ಹದಿನಾರನೆಯ ಶತಮಾನದಲ್ಲಿ ತಿರುಪಿನ ಒತ್ತುಯಂತ್ರವು ಬಳಕೆಗೆ ಬಂದು, ಉಕ್ಕಿನ ಅಚ್ಚುಗಳ ನಡುವೆ ಲೋಹವನ್ನಿಟ್ಟು ಒತ್ತುವ ಪದ್ಧತಿಯು ನೆಲೆಗೊಂಡಮೇಲೆ, ನೂರಾರು ಪ್ರತಿಗಳು ಒಂದೇ ತೆರನಾಗಿ ಹೊರಬರತೊಡಗಿದುವು. ರಾಜರ ಕಾಣಿಕೆಯಾಗಿದ್ದ ವಸ್ತುವು ಸುದ್ದಿಯ ವಾಹನವೂ ಆಯಿತು.

ಸುದ್ದಿಯೇನೋ ಬೇಕಾದಷ್ಟಿದ್ದಿತು. 1571ರ ಅಕ್ಟೋಬರ್ 7ರಂದು ಲೆಪಾಂಟೋದ ಕೊಲ್ಲಿಯಲ್ಲಿ ಕ್ರೈಸ್ತರ ನೌಕಾಬಲವು ತುರುಕರನ್ನು ಮುರಿದಾಗ, ಪೋಪ್ ಐದನೆಯ ಪಯಸನ ಪದಕವು ಬೈಬಲಿನ ವಾಕ್ಯವೊಂದನ್ನು ಎತ್ತಿಕೊಂಡು, ಪ್ರಭುವಿನ ಬಲಗೈಯೇ ಶತ್ರುವನ್ನು ಬಡಿಯಿತೆಂದಿತು. ಹದಿನೇಳು ವರ್ಷಗಳ ತರುವಾಯ, ಅದೇ ಪ್ರಭುವು ಕಕ್ಷಿಯನ್ನು ಬದಲಾಯಿಸಿದಂತೆ ಕಂಡಿತು: ಪೋಪನ ಆಶೀರ್ವಾದವನ್ನು ಹೊತ್ತು ಇಂಗ್ಲೆಂಡಿನ ಮೇಲೆ ಹೊರಟ ಸ್ಪೇನಿನ ಆರ್ಮಡವು 1588ರಲ್ಲಿ ಬಿರುಗಾಳಿಗೆ ಸಿಕ್ಕಿ ಚದರಿಹೋದಾಗ, ಪ್ರಾಟೆಸ್ಟೆಂಟ್ ಡಚ್ಚರು ಚೆಲ್ಲಾಪಿಲ್ಲಿಯಾದ ಹಡಗುಗಳನ್ನು ಒಂದು ಮುಖದಲ್ಲಿ ಕೊರೆದು, ದೇವರು ಊದಿದನು, ಅವರು ಚದರಿದರು ಎಂದು ಅದರ ಸುತ್ತ ಬರೆದರು. ದೇವರ ಹೆಸರನ್ನು ಮಾತ್ರ ಹೀಬ್ರೂ ಅಕ್ಷರಗಳಲ್ಲಿ ಮೇಲುಗಡೆ ಮೋಡದ ನಡುವೆ ಕೆತ್ತಿದರು. ಮತ್ತೊಂದು ಮುಖದಲ್ಲಿ ಅಲೆಗಳ ಬಡಿತಕ್ಕೆ ಅಲುಗದೆ ಬಂಡೆಯ ಮೇಲೆ ನಿಂತಿರುವ ಚರ್ಚು. ಜೀಲೆಂಡಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬಂದೆನು, ಕಂಡೆನು, ಗೆದ್ದೆನೆಂಬ ಸೀಸರನ ಪ್ರಸಿದ್ಧ ನುಡಿಯನ್ನು ತಿರುಚಿ, ಸ್ಪೇನಿನ ನೌಕಾಪಡೆಯು ಬಂದಿತು, ಹೋಯಿತು, ಇದ್ದಿತು ಎಂದು ಪರಿಹಾಸಮಾಡಿದರು. ಆರ್ಮಡವನ್ನು ಕುರಿತು ರಾಶಿರಾಶಿಯಾಗಿ ಗ್ರಂಥಗಳು ಬಂದಿವೆ. ಈ ಮೂರು ಕ್ರಿಯಾಪದಗಳ ಬಿಗುಪು ಅವುಗಳಲ್ಲಿ ಎಷ್ಟಕ್ಕೆ ಬಂದೀತೋ ಸಂದೇಹ.

ಗೆದ್ದವನೇ ತನ್ನ ಪದಕವನ್ನು ಬೇಡವೆಂದ ಪ್ರಸಂಗವೊಂದು ಇಂಗ್ಲೆಂಡಿನ ಚರಿತ್ರೆಯಲ್ಲಿದೆ. 1650ರ ಸೆಪ್ಟೆಂಬರ್ 3ರಂದು ಡನ್‌ಬಾರಿನಲ್ಲಿ ಸ್ಕಾಟರನ್ನು ಸೋಲಿಸಿದ ಕ್ರಾಮ್‌ವೆಲ್ಲನಿಗಾಗಿ ಪಾರ್ಲಿಮೆಂಟು ಪದಕವನ್ನು ಮಾಡಿಸಲು ನಿಶ್ಚಯಿಸಿ, ಅಚ್ಚು ಕೆತ್ತುವವರಲ್ಲಿ ಅಪ್ರತಿಮನಾದ ಥಾಮಸ್ ಸೈಮನ್ ಎಂಬವನನ್ನು ಮುಖಮುದ್ರೆ ತೆಗೆದುಕೊಳ್ಳುವುದಕ್ಕಾಗಿ ಎಡಿನ್‌ಬರೋವಿನವರೆಗೆ ಕಳುಹಿತು. ಕ್ರಾಮ್‌ವೆಲ್ಲನು 1651ರ ಫೆಬ್ರವರಿಯಲ್ಲಿ ಬರೆದ ಕಾಗದದಲ್ಲಿ, ಒಂದು ಕಡೆ ಪಾರ್ಲಿಮೆಂಟನ್ನೂ ಮತ್ತೊಂದು ಕಡೆ ಸೈನ್ಯವನ್ನೂ ತೋರಿಸಿದರೆ ಸಾಕು, ತನ್ನ ಮುಖವನ್ನು ಬಿಟ್ಟುಬಿಡಬೇಕೆಂದು ಕೇಳಿಕೊಂಡನು. ಪಾರ್ಲಿಮೆಂಟು ಒಪ್ಪಲಿಲ್ಲ; ಪದಕದಲ್ಲಿ ಅವನ ಮುಖವೇ ಬಂದಿತು, ಹಿಂದೆ ದೂರದಲ್ಲಿ ಸೈನ್ಯವು ಗೆರೆಗೆರೆಯಾಗಿ ನಿಂತಿತು. ಈ ವಿನಯವು ನಿಜವೋ ನಟನೆಯೋ ಎಂಬುದನ್ನು ಅವನ ಜೀವನಚರಿತ್ರಕಾರರಿಗೆ ಬಿಟ್ಟುಬಿಡೋಣ. ಅಧಿಕಾರಿಗಳಿಗಷ್ಟೇ ಅಲ್ಲದೆ ಸಾಮಾನ್ಯ ಸೈನಿಕನಿಗೂ ಪದಕವನ್ನು ಕೊಡಬೇಕೆಂಬ ಸಂಕಲ್ಪವು ಆ ದೇಶದಲ್ಲಿ ತಲೆದೋರಿದುದು ಈ ಪದಕದೊಡನೆಯೇ.

ಪದಕವು ಯುದ್ಧವನ್ನು ಸ್ಮರಿಸುವುದು ಸಹಜ. ಪದಕವೇ ಯುದ್ಧದ ನಿಮಿತ್ತಗಳಲ್ಲೊಂದಾದುದನ್ನು ಹದಿನೇಳನೆಯ ಶತಮಾನವು ಕಂಡಿತು. 1667ರ ಫೆಬ್ರವರಿಯಲ್ಲಿ ಲಂಡನ್ನಿನ ದಿನಚರಿಗಾರ ಸ್ಯಾಮ್ಯುಅಲ್ ಪೀಪ್ಸನು ತನ್ನ ಚಿನಿವಾರನ ಅಂಗಡಿಯಲ್ಲಿ ದೊರೆ ಎರಡನೆಯ ಚಾರ್ಲ್ಸನ ಹೊಸ ಪದಕವನ್ನು ಕಂಡು, ಸಮುದ್ರವನ್ನು ನೋಡುತ್ತ ಕುಳಿತ ಬ್ರಿಟಾನಿಯಾ ದೇವಿಯಲ್ಲಿ ಅರಮನೆಯ ಸುಂದರಿ ಫ್ರಾನ್ಸಿಸ್ ಸ್ಟುಅರ್ಟಳ ಮುಖವನ್ನು ಗುರುತಿಸಿ ಮೆಚ್ಚಿಕೊಂಡನು. ನಾಲ್ಕು ತಿಂಗಳು ಕಳೆಯುವಷ್ಟರಲ್ಲಿ ಡಚ್ಚರ ನೌಕಾಪಡೆಯು ಮೆಡ್‌ವೇ ನದಿಯೊಳಕ್ಕೆ ನುಗ್ಗಿ, ಲಂಗರು ಹಾಕಿದ್ದ ಆಂಗ್ಲ ಯುದ್ಧನೌಕೆಗಳನ್ನು ಸುಟ್ಟು, ದೊರೆಯ ಹೆಸರನ್ನೇ ಹೊತ್ತಿದ್ದ ಹಿರಿಯ ಹಡಗನ್ನು ಎಳೆದುಕೊಂಡು ಹೋಯಿತು. ಬ್ರಿಟಾನಿಯಾ ನೋಡುತ್ತ ಕುಳಿತಿದ್ದುದು ಏನನ್ನು ಎಂಬ ಪ್ರಶ್ನೆ ಯಾರ ಮನಸ್ಸಿಗಾದರೂ ಬರುವಂತಿದ್ದಿತು. ಅದೇ ವರ್ಷ ಬ್ರೇಡಾದಲ್ಲಿ ಸಂಧಿಯಾದಾಗ ಹಾಲೆಂಡಿನ ಕುಶಲಿ ಕ್ರಿಸ್ಟಾಫೆಲ್ ಆಡಾಲ್ಫ್‌ಸೂನ್ ಮಾಡಿದ ಪದಕದಲ್ಲಿ, ದೂರದಲ್ಲಿ ಹಡಗುಗಳು ಉರಿಯುತ್ತಿರಲು, ಡಚ್ ಗಣರಾಜ್ಯವು ಸ್ತ್ರೀರೂಪದಲ್ಲಿ ನಿಂತು ಕಲಹವನ್ನು ತುಳಿಯುತ್ತಿದ್ದಿತು. ಲೇಖದಲ್ಲಿ ದುಷ್ಟಮೃಗವೇ ರಾಜ್ಯಗಳಿಂದ ದೂರ ತೊಲಗೆಂಬ ಮಾತಿದ್ದಿತು. ಆ ಮೃಗವು ಯಾರೆಂಬುದನ್ನು ಲಂಡನ್ನಿನವರಿಗೆ ವಿವರಿಸಿ ಹೇಳಬೇಕಾದ ಅಗತ್ಯವಿರಲಿಲ್ಲ. 1672ರಲ್ಲಿ ಚಾರ್ಲ್ಸನು ಡಚ್ಚರ ಮೇಲೆ ಮತ್ತೆ ಯುದ್ಧವನ್ನು ಸಾರಿದಾಗ, ಆ ಘೋಷಣಾಪತ್ರದಲ್ಲಿ ವಾಣಿಜ್ಯ ವಸಾಹತುಗಳ ಮಾತಿನೊಡನೆ, ಅವರ ಊರೂರಿನಲ್ಲಿಯೂ ತುಂಬಿಹೋಗಿರುವ ನಿಂದಾಚಿತ್ರಗಳ ಮತ್ತು ಸುಳ್ಳು ಚರಿತ್ರೆಯ ಪದಕಗಳ ದೂರೂ ಸೇರಿದ್ದಿತು. ಲೂಯಿಯೂ ಅದೇ ವರ್ಷ ಹಾಲೆಂಡಿನ ಮೇಲೆ ಬಿದ್ದನು. ಡಚ್ಚರ ಪದಕವೊಂದರ ಗರ್ವೋಕ್ತಿಯೇ ಅವನನ್ನು ಕೆರಳಿಸಿತೆಂಬ ಮಾತು ಎಷ್ಟು ಪ್ರಬಲವಾಗಿ ಹಬ್ಬಿದ್ದಿತೆಂದರೆ, ಮುಂದೆ ವಾಲ್ಟೇರನು ಅವನ ಕಾಲದ ಚರಿತ್ರೆಯನ್ನು ಬರೆಯುವಾಗ ಆ ಪದಕಗಳ ವಿಚಾರವನ್ನು ಎತ್ತಿಕೊಂಡೇ ಮುಂದುವರಿಯಬೇಕಾಯಿತು. ರಾಜ್ಯಗಳು ಪದಕಕ್ಕಾಗಿ ಕಾದಿದವೆಂದು ನಂಬುವಷ್ಟು ಸರಳತೆ ನನಗಿಲ್ಲ, ಕಾರಣಗಳು ಆಳದಲ್ಲಿದ್ದುವು. ಆದರೆ ಯುದ್ಧಘೋಷಣೆಯಲ್ಲಿ ಹೆಸರಿಸಬಹುದಾದಷ್ಟು ಗಣ್ಯತೆಯನ್ನು ಈ ಬಿಲ್ಲೆಗಳು ಪಡೆದಿದ್ದುದು ಅಲ್ಪ ಸಂಗತಿಯಲ್ಲ.

ಡಚ್ಚರ ಗಣರಾಜ್ಯದಲ್ಲಿ ದೊರೆಯಿರಲಿಲ್ಲ, ಪದಕಗಳಿಗೆ ಅಕಾಡೆಮಿಯೂ ಇರಲಿಲ್ಲ. ಪದಕವು ಅಲ್ಲಿ ವರ್ತಕರ ಸರಕಾಗಿದ್ದಿತು. ಜರ್ಮನ್ ನಾಡಿನ ನ್ಯೂರೆಂಬರ್ಗ್ ಮತ್ತು ಆಗ್ಸ್‌ಬರ್ಗ್ ಪಟ್ಟಣಗಳಲ್ಲಿ ಈ ವ್ಯಾಪಾರವು ಪರಾಕಾಷ್ಠೆಗೆ ಮುಟ್ಟಿತು. 1683ರಲ್ಲಿ ವಿಯೆನ್ನಾ ನಗರವು ತುರುಕರ ಮುತ್ತಿಗೆಯಿಂದ ಪಾರಾದಾಗ, ತರುವಾಯ ಬೂಡಾ, ಬೆಲ್‌ಗ್ರೇಡ್ ಮೊದಲಾದ ಕೋಟೆಗಳು ಒಂದೊಂದಾಗಿ ವಿಯೆನ್ನಾದ ಚಕ್ರವರ್ತಿಯ ಕೈಸೇರಿದಾಗ, ನ್ಯೂರೆಂಬರ್ಗಿನ ಅಂಗಡಿಗಳಿಂದ ಬೆಳ್ಳಿಯಲ್ಲಿಯೂ ತವರದಲ್ಲಿಯೂ ಪದಕಗಳು ಹೊರಬಿದ್ದುವು. ಫ್ರೀಡ್ರಿಕ್ ಕ್ಲೈನೆರ್ಟ್ ಎಂಬ ಪ್ರಕಾಶಕನು ಪದಕದ ಎರಡು ಮುಖಗಳಲ್ಲಿ ಜಾಗವು ಸಾಲದೆಂಬಂತೆ ಅದರ ಅಂಚಿನ ದಪ್ಪದ ಮೇಲೆಯೂ ಅಕ್ಷರಗಳನ್ನು ಒತ್ತಿಸಿ, ತನ್ನ ಹೆಸರನ್ನೂ ಅಲ್ಲಿಯೇ ಸೇರಿಸುತ್ತಿದ್ದನು. ಲೇಖದೊಳಗಿನ ಕೆಲವು ಅಕ್ಷರಗಳನ್ನು ಮಾತ್ರ ದೊಡ್ಡದಾಗಿ ಕೆತ್ತಿ, ಅವನ್ನು ರೋಮನ್ ಅಂಕಿಗಳಾಗಿ ಕೂಡಿದರೆ ಯುದ್ಧ ನಡೆದ ವರ್ಷವು ಬರುವಂತೆ ಮಾಡುವ ಒಂದು ಚಮತ್ಕಾರವೂ ಅವರಿಗೆ ಬಹು ಪ್ರಿಯವಾಗಿದ್ದಿತು. ಬಾಣ, ಚಂದ್ರ, ಸಮುದ್ರಗಳೆಂಬ ಪದಗಳಲ್ಲಿ ಶಕವರ್ಷವನ್ನು ಅಡಗಿಸಿದ ನಮ್ಮ ಶಾಸನಕವಿಗಳು ಇದನ್ನು ಕಂಡಿದ್ದರೆ ಕೂಡಲೆ ಸ್ನೇಹಹಸ್ತವನ್ನು ಚಾಚುತ್ತಿದ್ದರು.

ಈ ಕುಶಲಿಗಳಲ್ಲಿ ಸರ್ವಶ್ರೇಷ್ಠನಾದ ಫಿಲಿಪ್ ಹೈನ್ರಿಕ್ ಮ್ಯುಲ್ಲರನ ಕೈಗೆ ಪಕ್ಷಪಾತವಿರಲಿಲ್ಲ. ಅವನು ಚಕ್ರವರ್ತಿಗಾಗಿ ಕೆತ್ತಿದನು, ವಿಲಿಯಮನ ಜಯಗಳನ್ನು ಕೆತ್ತಿದನು, 1709ರಲ್ಲಿ ಪೊಲ್ಟಾವದಲ್ಲಿ ಸ್ವೀಡನ್ನಿನ ಹನ್ನೆರಡನೆಯ ಚಾರ್ಲ್ಸನು ಸೋತಮೇಲೆ ಗೆದ್ದ ರಷ್ಯದ ಪೀಟರ್ ಮಹಾಶಯನಿಗಾಗಿ, ಅವನು ಸ್ವೀಡನ್ನಿನೊಡನೆ ಮಾಡಿದ ಯುದ್ಧದ 28 ಪದಕಗಳ ಸರಣಿಯನ್ನೇ ಕೆತ್ತಿದನು. ಕೊಳ್ಳುವವರು ಯಾರಾದರೂ ಸರಿ. ಗೋಥಾದ ಕ್ರಿಸ್ಟಿಯಾನ್ ವೆರ್ಮೂತ್ ಒಂದು ಹೆಜ್ಜೆ ಮುಂದೆ ಹೋಗಿ, ಜಯಗಳಿಗಿಂತ ಅಪಜಯಗಳನ್ನೂ ದೊಡ್ಡವರ ದೌರ್ಬಲ್ಯಗಳನ್ನೂ ಕುರಿತ ಪರಿಹಾಸಪದಕಗಳಿಂದ ಹೆಸರನ್ನೂ ಹಣವನ್ನೂ, ಅಧಿಕಾರಿಗಳ ಕೋಪವನ್ನೂ ಸಂಪಾದಿಸಿದನು.

ಕೊಳ್ಳುತ್ತಿದ್ದವರು ಯಾರು? ರಾಜರು, ರಾಯಭಾರಿಗಳು, ಪಾದ್ರಿಗಳು, ವಕೀಲರು, ಆಮ್‌ಸ್ಟರ್‌ಡ್ಯಾಮಿನ ಸಿರಿವಂತ ವರ್ತಕರು. ಲೂಯಿಯು 1684ರಲ್ಲಿ ತನ್ನ ನಾಣ್ಯಪದಕಗಳ ಸಂಗ್ರಹವನ್ನು ಪ್ಯಾರಿಸಿನಿಂದ ವರ್ಸೇಲ್ಸಿನ ಅರಮನೆಗೇ ತರಿಸಿಕೊಂಡನು. ಅವನ ತಮ್ಮನ ಪತ್ನಿ, ಜರ್ಮನಿಯಿಂದ ಬಂದ ಎಲಿಜಬೆತ್ ಷಾರ್ಲೋಟ್, ತನ್ನ ಬೇಸರದ ದಿನಗಳನ್ನು ಕಾಗದ ಬರೆಯುವುದರಲ್ಲಿಯೂ ಚಿನ್ನದ ನಾಣ್ಯಪದಕಗಳನ್ನು ಕೂಡಿಡುವುದರಲ್ಲಿಯೂ ಕಳೆದಳು. ದಿನಚರಿಗಾರ ಜಾನ್ ಈವ್ಲಿನ್ 1697ರಲ್ಲಿ ಪದಕಗಳ ಮೇಲೊಂದು ಗ್ರಂಥವನ್ನೇ ಬರೆದನು. ಫ್ರಾನ್ಸಿನಿಂದ ಧರ್ಮಕಾರಣದಿಂದ ಓಡಿಬಂದ ನಿಕೊಲಾ ಶೆವಾಲಿಯೆ ಎಂಬವನು 1692ರಲ್ಲಿ ಆಮ್‌ಸ್ಟರ್‌ಡ್ಯಾಮಿನಿಂದ ವಿಲಿಯಮನ ಚರಿತ್ರೆಯನ್ನು ಪದಕಗಳ ಮೂಲಕವೇ ಹೇಳಿ, ಲೂಯಿಯ ಸರಣಿಗೆ ಒಂದು ಪ್ರತಿಸರಣಿಯನ್ನು ಹೂಡಿದನು. ಇದಕ್ಕಿಂತ ತುಂಟತನದ ಕೆಲಸವೊಂದು ಅದರ ಹಿಂದಿನ ವರ್ಷವೇ ಅಲ್ಲಿ ನಡೆದಿದ್ದಿತು. ಜೆಸುಯಿಟ್ ಪಾದ್ರಿ ಮೆನೆಸ್ತ್ರಿಯೆ 1689ರಲ್ಲಿ ಪ್ಯಾರಿಸಿನಲ್ಲಿ ಲೂಯಿಯ ಪದಕಗಳನ್ನು ಚಿತ್ರಿಸಿ ಪ್ರಕಟಿಸಿದ ಭಕ್ತಿಪೂರ್ಣವಾದ ಗ್ರಂಥವನ್ನು, ಆಮ್‌ಸ್ಟರ್‌ಡ್ಯಾಮಿನವರು ಕದ್ದು ಮುದ್ರಿಸಿ, ಕೊನೆಯಲ್ಲಿ ಅದೇ ದೊರೆಯನ್ನು ಹೀಯಾಳಿಸುವ ಪದಕಗಳ ಕೆಲವು ಪುಟಗಳನ್ನು ಯಾವ ವಿವರಣೆಯೂ ಇಲ್ಲದೆ ಸೇರಿಸಿಬಿಟ್ಟರು.

ಆದರೆ ಈ ಶಾಸ್ತ್ರದ ಭೀಷ್ಮನೆಂದರೆ ಲೈಡನ್ನಿನ ಕಡೆಯ ಗೆರಾರ್ಡ್ ವಾನ್ ಲೋನ್. 1723ರಿಂದ 1731ರವರೆಗೆ ಹೇಗ್ ನಗರದಲ್ಲಿ ಪ್ರಕಟವಾದ ಅವನ ನಾಲ್ಕು ಬೃಹತ್ ಸಂಪುಟಗಳಲ್ಲಿ ನೆದರ್ಲೆಂಡ್ಸಿನ ಚರಿತ್ರೆಯೆಲ್ಲವೂ ಪದಕದಿಂದ ಪದಕಕ್ಕೆ ಸಾಗುತ್ತದೆ. ತನ್ನ ನಾಡಿನವರು ಮಾಡಿದುದನ್ನು ಮಾತ್ರವಲ್ಲದೆ, ತನ್ನ ನಾಡನ್ನು ತುಳಿದ ಲೂಯಿಯ ಕಡೆಯವರು ಮಾಡಿದುದನ್ನೂ ಅವನು ಸೇರಿಸಿದನು. ಏತಕ್ಕೆಂದರೆ, ಒಂದು ಯುದ್ಧಕ್ಕೆ ಸಂಬಂಧಪಟ್ಟ ಪದಕವು ಯಾರದಾದರೂ ಅದು ಆ ಯುದ್ಧದ ಪದಕವೇ. ಸಂಗ್ರಾಹಕನ ಈ ನಿರ್ವಿಕಾರವಾದ ಲೋಭವು ಯಾವ ಅಕಾಡೆಮಿಯೂ ನಿರೀಕ್ಷಿಸದಿದ್ದ ಫಲವನ್ನು ಕೊಟ್ಟಿತು. ಮೇಲೆ ಹೇಳಿದ ನಾಮೂರ್ ದುರ್ಗವನ್ನು 1695ರಲ್ಲಿ ವಿಲಿಯಮನು ಮತ್ತೆ ಮುತ್ತಿದನು. ಈ ಬಾರಿ ಕೋಟೆಯ ಹೊರಗೆ ಮುತ್ತಿಗೆಯನ್ನು ನಡೆಸಿದವರಲ್ಲಿ, ಮೂರು ವರ್ಷದ ಹಿಂದೆ ಒಳಗಿದ್ದು ಸೋತ ಕೂಹೋರ್ನನೇ ಮುಖ್ಯನು. ಈ ಬಾರಿ ಬಿಡಿಸಲೆಂದು ಮಹಾಸೈನ್ಯದೊಡನೆ ಬಂದು ಏನೂ ಮಾಡಲಾರದೆ ಹಿಂದಿರುಗಿದವನು ಫ್ರೆಂಚ್ ಸೇನಾನಿ ವಿಲ್‌ರ್ವಾ. ಸೆಪ್ಟೆಂಬರಿನ ಆದಿಯಲ್ಲಿ ಮಾರ್ಷಲ್ ಬೂಫ್ಲೇರನು ದುರ್ಗವನ್ನು ಒಪ್ಪಿಸಿದನು. ಪ್ಯಾರಿಸಿನ ಸರಣಿಯಲ್ಲಿ ಇದರ ಸುಳಿವಿಲ್ಲ. ಆದರೆ ಹಾಲೆಂಡಿನ, ಜರ್ಮನಿಯ ಪದಕಗಳಲ್ಲಿ ಬೇಕಾದಷ್ಟಿದೆ. ಸಂಗ್ರಾಹಕನ ಸೆಳೆಖಾನೆಯಲ್ಲಿ 1692ರ ನಾಮೂರೂ 1695ರ ನಾಮೂರೂ, ಮದುವೆಯ ಪಂಕ್ತಿಯಲ್ಲಿ ಮಾತು ಬಿಟ್ಟ ದಾಯಾದಿಗಳು ಪಕ್ಕಪಕ್ಕದ ಎಲೆಗೆ ಕುಳಿತಂತೆ, ಒಂದರ ಮಗ್ಗುಲಲ್ಲೊಂದು ಇರಬೇಕಾಯಿತು. ತನ್ನ ಮಾತಿಗೆ ಎದುರಾಡುವವರಿರಬಾರದೆಂದೇ ದೊರೆಯು ಲೋಹವನ್ನು ಆರಿಸಿಕೊಂಡಿದ್ದನು. ಎದುರು ಮಾತೂ ಲೋಹದಲ್ಲಿಯೇ ಬಂದೀತೆಂದು ಅವನೆಣಿಸಿರಲಿಲ್ಲ.

ಹದಿನೆಂಟನೆಯ ಶತಮಾನದ ಆದಿಯ ಸ್ಪೇನಿನ ಉತ್ತರಾಧಿಕಾರದ ಯುದ್ಧದಲ್ಲಿ ಈ ಎದುರು ಮಾತು ಹೆಚ್ಚುಕಡಮೆ ಇಂಗ್ಲೆಂಡಿನದೇ ಆಯಿತು. ಬ್ಲೆನ್‌ಹೈಮ್, ರಾಮಿಲೀಸ್, ಊಡೆನಾರ್ಡೆ, ಮಾಲ್‌ಪ್ಲಾಕೆ ಎಂದು 1704ರಿಂದ 1709ರವರೆಗೆ ಮಾರ್ಲ್‌ಬರೋವಿನ ಡ್ಯೂಕನು ಗೆದ್ದುದನ್ನೆಲ್ಲ, ಲಂಡನ್ನಿನ ಟಂಕಸಾಲೆಯಲ್ಲಿ ಜಾನ್ ಕ್ರೋಕರನು ರಾಣಿ ಆನ್ನಳ ಮುಖಮುದ್ರೆಯೊಡನೆ ಕೆತ್ತಿದನು. ಆ ಟಂಕಸಾಲೆಯ ಮುಖ್ಯಾಧಿಕಾರಿಯು ಐಸಾಕ್ ನ್ಯೂಟನ್. ರಾಣಿಯ ಪಟ್ಟಾಭಿಷೇಕದ ಪದಕಕ್ಕೆ ಗುಡುಗನ್ನೆಸೆಯುವ ಪಾಲಸ್ ದೇವಿಯ ರೂಪಕವನ್ನು ಸೂಚಿಸಿದವನು ಆತನೇ. ಪದಕಗಳ ವಿಷಯದಲ್ಲಿ ಅವನು ಬರೆದ ಟಿಪ್ಪಣಿಗಳು ಇಂದಿಗೂ ಉಳಿದಿವೆ. ಗ್ರಹಗಳ ಗತಿಯನ್ನು ನಿಯಮಕ್ಕೆ ತಂದ ಬುದ್ಧಿಯು ರೂಪಕಗಳ ಔಚಿತ್ಯವನ್ನು ಚರ್ಚಿಸುತ್ತ ಕುಳಿತುದನ್ನು ಓದಿದರೆ, ಅವನಿಗೂ ಒಂದಿಷ್ಟು ವಿನೋದ ಬೇಕಾಗಿದ್ದಿತೆನ್ನಿಸುತ್ತದೆ.

ವಿಜಯಪದಕಗಳ ಚರಿತ್ರೆಯಲ್ಲಿ ಅತ್ಯಂತ ಸ್ವಾರಸ್ಯವಾದ ಅಧ್ಯಾಯವು ಮಾತ್ರ ಅರಮನೆಯಲ್ಲಿ ಹುಟ್ಟಲಿಲ್ಲ, ಬೀದಿಯಲ್ಲಿ ಹುಟ್ಟಿತು. 1739ರ ನವೆಂಬರ್ ತಿಂಗಳಲ್ಲಿ ಅಡ್ಮಿರಲ್ ಎಡ್ವರ್ಡ್ ವರ್ನನ್ ಎಂಬ ಆಂಗ್ಲ ನೌಕಾಧಿಪತಿಯು, ಪನಾಮದ ಕರಾವಳಿಯಲ್ಲಿ ಸ್ಪೇನಿನವರ ಅಧೀನದಲ್ಲಿದ್ದ ಪೋರ್ಟೊ ಬೆಲ್ಲೋ ರೇವನ್ನು ಆರೇ ಹಡಗುಗಳಿಂದ ಹಿಡಿದನು. ಆರು ಹಡಗುಗಳು ಸಾಕೆಂದು ಮೊದಲೇ ಪಾರ್ಲಿಮೆಂಟಿನಲ್ಲಿ ಆಡಿ ತೋರಿಸಿದ್ದನಾದ್ದರಿಂದ, ಆಡಿದಂತೆ ಮಾಡಿದ ಶೂರನೆಂದು ಇಂಗ್ಲೆಂಡು ಅವನನ್ನು ತಲೆಯ ಮೇಲೆ ಹೊತ್ತುಕೊಂಡು ಕುಣಿಯಿತು. ಪಾನಗೃಹಗಳಿಗೆ ಅವನ ಹೆಸರು, ಪಿಂಗಾಣಿಯ ಮೇಲೆ ಅವನ ಚಿತ್ರ, ಮತ್ತು ಎಲ್ಲಕ್ಕೂ ಮಿಗಿಲಾಗಿ ಅಗ್ಗದ ಪದಕಗಳು. ತಾಮ್ರ ಸತುವುಗಳನ್ನು ಬೆರಸಿ ಚಿನ್ನದಂತೆ ಹೊಳೆಯುವ ಪಿಂಚ್‌ಬೆಕ್ ಎಂಬ ಲೋಹದಲ್ಲಿ, ಒರಟು ಕೆತ್ತನೆಯ, ಕಾಗುಣಿತ ತಪ್ಪಿದ ಈ ಬಿಲ್ಲೆಗಳು ಸಂತೆಯಲ್ಲಿ ಕೂಲಿಯವನ ಕೈಗೂ ಎಟಕುವ ಬೆಲೆಗೆ ಮಾರಾಟವಾದುವು. ಲ್ಯಾಟಿನ್ ಇಲ್ಲ, ಪಾಲಸ್ ಇಲ್ಲ, ಅಕಾಡೆಮಿಯಿಲ್ಲ. ಉದ್ದ ಕೋಟು ತೊಟ್ಟ ವರ್ನನ್, ಆರು ಹಡಗು, ಒಂದು ಪಟ್ಟಣ, ಮತ್ತು ಆರೇ ಹಡಗುಗಳಿಂದ ಅವನು ಪೋರ್ಟೊ ಬೆಲ್ಲೋವನ್ನು ಹಿಡಿದನೆಂದು ಬೀದಿಯ ಇಂಗ್ಲಿಷಿನಲ್ಲಿ ಒಂದು ಸಾಲು. ಅಚ್ಚುಗಳ ಪ್ರಭೇದಗಳು ಎಷ್ಟೆಂದರೆ, ಇವನ್ನು ಮಾತ್ರವೇ ಕೂಡಿಡುವ ಸಂಗ್ರಾಹಕನಿಗೆ ಆಯುಷ್ಯವು ಸಾಲದು.

1741ರ ಮಾರ್ಚಿನಲ್ಲಿ ವರ್ನನ್ ನೂರೆಂಬತ್ತಕ್ಕೂ ಮಿಕ್ಕ ಹಡಗುಗಳೊಡನೆ ಸ್ಪೇನಿನವರದೇ ಆದ ಕಾರ್ತಹೇನಾ ನಗರದ ಮೇಲೆ ಹೋದನು. ರೇವಿನ ಬಾಯಲ್ಲಿದ್ದ ಬೊಕಾಚೀಕಾದ ಕೋಟೆಯು ಬಿದ್ದೊಡನೆಯೇ, ಗೆಲವು ಕೈಗೆ ಬಂದಿತೆಂದು ಅವನು ಲಂಡನ್ನಿಗೆ ಸುದ್ದಿಯನ್ನು ಕಳುಹಿಸಿಬಿಟ್ಟನು. ಸುದ್ದಿಯು ಮೇ ತಿಂಗಳಲ್ಲಿ ಲಂಡನ್ನನ್ನು ಸೇರಿತು, ದೀಪೋತ್ಸವಗಳಾದುವು, ಪದಕದ ವ್ಯಾಪಾರಿಗಳು ಒಂದು ಗಳಿಗೆಯನ್ನೂ ವ್ಯರ್ಥಮಾಡಲಿಲ್ಲ. ವರ್ನನ್ ಕಾರ್ತಹೇನಾವನ್ನು ಹಿಡಿದನೆಂದೂ, ಸ್ಪೇನಿನ ಗರ್ವವು ಮುರಿಯಿತೆಂದೂ ಸಾರುವ ಬಿಲ್ಲೆಗಳಲ್ಲಿ, ಸ್ಪೇನಿನ ಸೇನಾನಿ ದಾನ್ ಬ್ಲಾಸ್ ದೆ ಲೇಸೋ ಮಂಡಿಯೂರಿ ತನ್ನ ಕತ್ತಿಯನ್ನು ಒಪ್ಪಿಸುತ್ತಿರುವ ಚಿತ್ರವು ಬಂದಿತು. ನಿಜವಾಗಿ ನಡೆದುದು ಬೇರೆ. ಏಪ್ರಿಲಿನಲ್ಲಿ ಊರ ಬಾಗಿಲ ಗುಡ್ಡದ ಮೇಲಣ ಸಾನ್ ಫೆಲಿಪೆ ಕೋಟೆಯನ್ನು ಹತ್ತಹೋದ ಆಂಗ್ಲಸೈನ್ಯವು ಭೀಕರವಾದ ನಷ್ಟದೊಡನೆ ಹಿಂದಕ್ಕೆ ಬಿದ್ದಿತು. ಹಳದಿಜ್ವರವು ಗುಂಡಿಗಿಂತ ಹೆಚ್ಚು ಮಂದಿಯನ್ನು ತೆಗೆದುಕೊಂಡಿತು. ಮೇ ತಿಂಗಳಲ್ಲಿ, ಅತ್ತ ಲಂಡನ್ನು ಗೆಲವಿನ ದೀಪಗಳನ್ನು ಹಚ್ಚುತ್ತಿರುವಾಗ, ಇತ್ತ ಉಳಿದವರು ಹಡಗು ಹತ್ತಿ ಹೊರಟುಹೋದರು. ಲೇಸೋ ಯಾರ ಮುಂದೆಯೂ ಮಂಡಿಯೂರಲಿಲ್ಲ. ಊರಬೇಕೆಂದಿದ್ದರೂ ಅವನಿಗೆ ಅದು ಕಷ್ಟವಾಗುತ್ತಿದ್ದಿತು. 1704ರಲ್ಲಿ ಮಾಲಗದ ಸಮುದ್ರಯುದ್ಧದಲ್ಲಿ ಅವನ ಎಡಗಾಲು ಹೋಗಿದ್ದಿತು, ಅನಂತರ ಟೂಲಾನಿನಲ್ಲಿ ಒಂದು ಕಣ್ಣು, ಬಾರ್ಸೆಲೋನದಲ್ಲಿ ಬಲಗೈಯ ಶಕ್ತಿ. ಇವಾವುದನ್ನೂ ಅರಿಯದ ಲಂಡನ್ನಿನ ಕೆತ್ತನೆಗಾರನು ಅವನಿಗೆ ಎರಡು ಕಾಲುಗಳನ್ನೂ ಎರಡು ಕೈಗಳನ್ನೂ ಉದಾರವಾಗಿ ದಯಪಾಲಿಸಿದ್ದನು. ಲೇಸೋ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾರ್ತಹೇನಾದಲ್ಲಿಯೇ ತೀರಿಕೊಂಡನು. ಸೋಲಿನ ಸುದ್ದಿ ಬಂದಮೇಲೆ ಪದಕಗಳನ್ನು ಹಿಂತೆಗೆದುಕೊಳ್ಳುವುದು ಯಾರಿಂದಲೂ ಸಾಧ್ಯವಾಗಲಿಲ್ಲ; ಅವು ಜೇಬುಗಳಲ್ಲಿ, ಹೊಲದ ಮಣ್ಣಿನಲ್ಲಿ, ಪೆಟ್ಟಿಗೆಗಳಲ್ಲಿ ಉಳಿದುವು. ಇಂದು ಅವನ್ನು ಆದರದಿಂದ ಕೊಳ್ಳುವವರಲ್ಲಿ ಸ್ಪೇನಿನವರೂ ಇದ್ದಾರೆ. ತಮ್ಮ ಗೆಲವಿಗೆ ಶತ್ರುವೇ ಬರೆದುಕೊಟ್ಟ ಸಾಕ್ಷಿಪತ್ರವನ್ನು ಅವರು ಬಿಟ್ಟಾರೆಯೇ!

ಸುಳ್ಳು ಹೇಳುವ ಪದಕವು ಸಾಚಾ ಆಗಿರಬಹುದು, ನಿಜ ಹೇಳುವ ಪದಕವು ಖೋಟಾ ಆಗಿರಬಹುದು. ಸಂಗ್ರಾಹಕನು ಈ ಎರಡು ಪರೀಕ್ಷೆಗಳನ್ನೂ ಬೇರೆಬೇರೆಯಾಗಿ ಮಾಡಬೇಕು. ಹಳೆಯ ಎರಕದ ಪದಕದಿಂದ ಮತ್ತೊಮ್ಮೆ ಅಚ್ಚು ತೆಗೆದು ಎರಕಹೊಯ್ದರೆ, ಲೋಹವು ಆರುವಾಗ ಕುಗ್ಗುವುದರಿಂದ ಹೊಸದು ಮೂಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿಯೂ ಗೆರೆಗಳು ಮಬ್ಬಾಗಿಯೂ ಬರುತ್ತವೆ; ಆದ್ದರಿಂದ ಬಲ್ಲವನ ಕೈಯಲ್ಲಿ ಯಾವಾಗಲೂ ಅಳತೆಯ ಇಕ್ಕುಳವಿರುತ್ತದೆ. ಪ್ಯಾರಿಸಿನ ಟಂಕಸಾಲೆಯು ಹಳೆಯ ಅಚ್ಚುಗಳಿಂದಲೇ ಮತ್ತೆಮತ್ತೆ ಪ್ರತಿಗಳನ್ನು ಒತ್ತಿ ಮಾರುತ್ತ ಬಂದಿರುವುದರಿಂದ, ಲೂಯಿಯ ಪದಕವನ್ನು ಕೊಳ್ಳುವವನು ಮುಖವನ್ನು ನೋಡುವುದಕ್ಕೆ ಮೊದಲು ಅಂಚನ್ನು ನೋಡಬೇಕು: 1832ರಿಂದೀಚೆಗೆ ಒತ್ತಿದ ಪ್ರತಿಗಳ ಅಂಚಿನಲ್ಲಿ ಕಾಲಕ್ರಮದಂತೆ ಹಣತೆ, ಲಂಗರು, ಹಡಗಿನ ಮೂತಿ, ಬೆರಳು ತೋರುವ ಕೈ, ಜೇನುನೊಣ, ಫಲತುಂಬಿದ ಕೊಂಬು ಎಂಬ ಕಿರುಮುದ್ರೆಗಳಿರುತ್ತವೆ. ಲೋಹದ ಬೆಲೆಯೂ ಪದಕದ ಆಯುಷ್ಯವನ್ನು ನಿರ್ಧರಿಸುತ್ತದೆ. ಚಿನ್ನದ ಪದಕವು ಮಾಡುವಾಗ ಪೂಜ್ಯ, ಕಷ್ಟಕಾಲದಲ್ಲಿ ಬರಿಯ ಚಿನ್ನ. 1831ರ ನವೆಂಬರಿನಲ್ಲಿ ಪ್ಯಾರಿಸಿನ ರಾಜಸಂಗ್ರಹಕ್ಕೆ ಕನ್ನ ಹಾಕಿದ ಕಳ್ಳರು ಎಷ್ಟೋ ಶತಮಾನಗಳ ಚಿನ್ನವನ್ನು ಮೂಸೆಗೆ ಹಾಕಿದರು, ಅಡಗಿಸಲೆಂದು ಸೇನ್ ನದಿಗೆಸೆದುದರಲ್ಲಿ ಒಂದು ಭಾಗವು ಮಾತ್ರ ಮರಳಿ ಸಿಕ್ಕಿತು. ಕಂಚು ತವರ ಸೀಸಗಳಿಗೆ ಅಂತಹ ಅಪಾಯವಿಲ್ಲ.

ಈ ಮಾತು ನಮ್ಮ ನಾಡಿನ ಕಡೆಗೂ ತಿರುಗುತ್ತದೆ. 1792ರಲ್ಲಿ ಟಿಪ್ಪು ಸುಲ್ತಾನನು ಸಂಧಿಗೆ ಒಪ್ಪಿ ತನ್ನ ಇಬ್ಬರು ಎಳೆಯ ಮಕ್ಕಳನ್ನು ಕಾರ್ನ್‌ವಾಲಿಸನಿಗೆ ಒತ್ತೆಯಾಗಿ ಕೊಟ್ಟ ದೃಶ್ಯವನ್ನು, ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯ ಒಡೆಯ ಮ್ಯಾಥ್ಯೂ ಬೋಲ್ಟನ್ನನು ಕಾನ್ರಾಡ್ ಹೈನ್ರಿಕ್ ಕ್ಯುಕ್ಲರ್ ಎಂಬ ಜರ್ಮನ್ ಕುಶಲಿಯಿಂದ ಪದಕದಲ್ಲಿ ಕೆತ್ತಿಸಿದನು. 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಮೇಲೆ, ಈಸ್ಟ್ ಇಂಡಿಯಾ ಕಂಪನಿಯು ಅದೇ ಕ್ಯುಕ್ಲರನಿಂದ ಮತ್ತೊಂದನ್ನು ಮಾಡಿಸಿತು. ಅದರ ಒಂದು ಮುಖದಲ್ಲಿ ಕೋಟೆಯ ಬಿರುಕಿಗೆ ಏರುತ್ತಿರುವ ಸೈನ್ಯ, ಕೆಳಗೆ ಪಾರಸಿಯಲ್ಲಿ ಹಿಜರಿ 1213ರ ತಿಥಿ. ಮತ್ತೊಂದು ಮುಖದಲ್ಲಿ ಹುಲಿಯನ್ನು ಕೆಡವಿ ತುಳಿದಿರುವ ಸಿಂಹ, ಮೇಲಿನ ಧ್ವಜದಲ್ಲಿ ಅರಬ್ಬಿಯಲ್ಲಿ ಅಸದುಲ್ಲಾ ಉಲ್ ಗಾಲಿಬ್, ಅಂದರೆ ಜಯಶಾಲಿಯಾದ ದೇವರ ಸಿಂಹ. ಹುಲಿಯು ಟಿಪ್ಪುವಿನ ಲಾಂಛನವೆಂಬುದನ್ನು ಎಲ್ಲರೂ ಬಲ್ಲರು. ಆ ಅರಬ್ಬಿ ಮಾತೂ ಅವನದೇ, ಅವನ ಆಯುಧಗಳ ಮೇಲೆ ಹುಲಿಯ ಮುಖದ ಆಕಾರದಲ್ಲಿ ಬರೆಯಿಸುತ್ತಿದ್ದ ಮಂತ್ರವೇ. ಕಂಪನಿಯ ಪದಕವು ಸೋತವನ ಮಂತ್ರವನ್ನೇ ಕಸಿದುಕೊಂಡು ಗೆದ್ದವನ ಧ್ವಜಕ್ಕೆ ಕಟ್ಟಿತು. ಲೂಯಿಯ ಅಕಾಡೆಮಿಯ ಪಂಡಿತರೂ ಇಷ್ಟು ಕ್ರೂರವಾದ ಕೌಶಲವನ್ನು ತೋರಿಸಿದಂತೆ ನನಗೆ ಕಾಣುವುದಿಲ್ಲ.

ಪದವಿಗೆ ತಕ್ಕಂತೆ ಅದನ್ನು ಐದು ಲೋಹಗಳಲ್ಲಿ ಹಂಚಿದರು: ಸೇನಾಪತಿಗಳಿಗೆ ಚಿನ್ನ, ಅವರ ಕೆಳಗಿನ ಹಿರಿಯ ಅಧಿಕಾರಿಗಳಿಗೆ ಚಿನ್ನದ ನೀರೆರೆದ ಬೆಳ್ಳಿ, ಕಿರಿಯ ಅಧಿಕಾರಿಗಳಿಗೆ ಬೆಳ್ಳಿ, ಅದಕ್ಕೂ ಕೆಳಗಿನವರಿಗೆ ಕಂಚು, ಸಾಮಾನ್ಯ ಸಿಪಾಯಿಗೆ ತವರ. ಸೋಹೋದಲ್ಲಿ ಒತ್ತಿದುದು 48 ಮಿಲಿಮೀಟರ್ ಅಗಲವಿದ್ದು ಕ್ಯುಕ್ಲರನ ಹೆಸರಿನ ಮೊದಲಕ್ಷರಗಳನ್ನು ಹೊತ್ತಿದ್ದರೆ, ಕಲ್ಕತ್ತೆಯ ಟಂಕಸಾಲೆಯಲ್ಲಿ ಅದನ್ನನುಸರಿಸಿ ಮಾಡಿದುದು ಸ್ವಲ್ಪ ಕಿರಿದು, ಕೆತ್ತನೆಯೂ ಒರಟು. ಹರಾಜಿನ ಪಟ್ಟಿಗಳಲ್ಲಿ ಚಿನ್ನದ ಪ್ರತಿಯು ಅಪರೂಪಕ್ಕೊಮ್ಮೆ ತಲೆದೋರಿದರೆ ಅದರ ಸುತ್ತ ಗದ್ದಲವಾಗುತ್ತದೆ. ಕರಗಿಸಿದರೆ ಬೀಡಿಯ ಬೆಲೆಯೂ ಬಾರದ ಸಿಪಾಯಿಯ ತವರದ ಬಿಲ್ಲೆಯು, ಅಂಚು ನೆಗ್ಗಿ, ನೇತುಹಾಕಲು ಯಾರೋ ಕೊರೆದ ತೂತಿನೊಡನೆ, ಇಂದಿಗೂ ಆಗಾಗ ಮಾರಾಟಕ್ಕೆ ಬರುತ್ತಿರುತ್ತದೆ.